ಕೈಗುಣ ಅಂದ್ರೆ ಏನು, ಅದನ್ನ ಕಲಿಯೋಕಾಗತ್ತಾ?

(ತಿಪಟೂರು ತಾಲೂಕಿನ ಡಾಕ್ಟರ್‌ಗಳು ಮತ್ತೆ ಕ್ಲಿನಿಕ್ ಸಿಬ್ಬಂದಿ ಸೇರಿದ್ದ ಒಂದು ಭಾನುವಾರದ ಸಭೇಲಿ ನಾನು ಮಾತಾಡಿದ್ದು ಇದು. ರೆಕಾರ್ಡಿಂಗ್ ಕೇಳ್ಕೊಂಡು ಟೈಪ್ ಮಾಡಿದೀನಿ, ಅಲ್ಲಲ್ಲಿ ಒಂದೆರಡು ಮಾತು ಸರಿ ಮಾಡಿದೀನಿ, ಉಳಿದಿದ್ದೆಲ್ಲ ಹೇಳಿದ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ. ಇನ್ವಿಟೇಶನ್‌ನಲ್ಲಿ ನನ್ನ ಟಾಪಿಕ್ ನೋಡಿರ್ತೀರ, ಪೇಷಂಟ್ ಎಕ್ಸ್‌ಪೀರಿಯನ್ಸು, ಪ್ರಾಕ್ಟೀಸ್ ಗ್ರೋತು ಅಂತ ಏನೇನೋ ಇದೆ. ಅದನ್ನ ನಮ್ಮ ಕ್ಲಿನಿಕ್ಕಿನ ಕೌಂಟರ್‌ನಲ್ಲಿ ಕೂರೋ ಅಕ್ಕನಿಗೆ ತೋರಿಸ್ದೆ, ಅವ್ರು ಓದಿ, 'ಅಂದ್ರೆ ಕೈಗುಣದ ಬಗ್ಗೆ ಮಾತಾಡ್ತೀರಾ ಸಾರ್' ಅಂದ್ರು. ನಾನು ಎರಡು ವಾರದಿಂದ ಲ್ಯಾಪ್‌ಟಾಪಲ್ಲಿ ಸ್ಲೈಡ್ ಮಾಡ್ತಾ ಕೂತಿದ್ದೆ, ಅದನ್ನೆಲ್ಲ ಅಲ್ಲೇ ಮುಚ್ಚಿಟ್ಟೆ. ಹೌದಲ್ವಾ, ನಮ್ಮ ಜನ ಇದಕ್ಕೆ ಯಾವತ್ತೋ ಹೆಸರಿಟ್ಟಿದಾರೆ. 'ಆ ಡಾಕ್ಟ್ರ ಕೈಗುಣ ಚೆನ್ನಾಗಿದೆ ಕಣೆ, ಹೋಗಿ ತೋರಿಸು.' ನಾವೆಲ್ಲ ಹೊಟ್ಟೆ ಹೊರೀತಿರೋದು ಈ ಒಂದು ವಾಕ್ಯದ ಮೇಲೆ. ನನ್ನ ಎಂಬಿಬಿಎಸ್‌ನಲ್ಲಿ ಎಷ್ಟು ಮಾರ್ಕ್ಸ್ ಬಂತು, ಎಂಡಿ ಎಲ್ಲಿ ಮಾಡ್ದೆ ಅಂತ ತಿಪಟೂರಲ್ಲಿ ಇವತ್ತಿನವರೆಗೂ ಒಬ್ಬರೂ ಕೇಳಿಲ್ಲ.

ಹಾಗಾಗಿ ಇವತ್ತು ಆ ಕೈಗುಣ ಅನ್ನೋದನ್ನ ಬಿಚ್ಚಿ ನೋಡೋಣ, ಅದರೊಳಗೆ ಏನೇನಿದೆ ಅಂತ. ಯಾಕಂದ್ರೆ ನಾನು ಪ್ರಾಕ್ಟೀಸ್ ಶುರು ಮಾಡಿದ ಹೊಸದರಲ್ಲಿ ಅದು ದೇವರು ಕೊಟ್ಟಿದ್ದು, ಕೆಲವರಿಗೆ ಇರತ್ತೆ ಕೆಲವರಿಗಿಲ್ಲ ಅಂದ್ಕೊಂಡಿದ್ದೆ. ಈಗ ಹಾಗನ್ಸಲ್ಲ.

ಮೊದಲು ಒಂದು ಲೆಕ್ಕ ಹೇಳ್ತೀನಿ. ಹೊನ್ನವಳ್ಳಿ ಕಡೆ ಒಂದು ಹಳ್ಳೀಲಿ ಒಬ್ಬರಿಗೆ ವೈರಲ್ ಜ್ವರ ಬಂತು ಅನ್ನಿ. ಮೊದಲನೇ ದಿನ ಒಬ್ಬ ಡಾಕ್ಟ್ರ ಹತ್ರ ಹೋದ್ರು, ಪ್ಯಾರಾಸಿಟಮಾಲ್ ಕೊಟ್ಟು ಕಳಿಸಿದ್ರು, ಜ್ವರ ಇಳೀಲಿಲ್ಲ. ಮೂರನೇ ದಿನ ಇನ್ನೊಬ್ಬರ ಹತ್ರ ಹೋದ್ರು, ಅವ್ರು ರಕ್ತ ಪರೀಕ್ಷೆ ಮಾಡ್ಸಿ ಒಂದು ಆಂಟಿಬಯೋಟಿಕ್ ಬರೆದ್ರು, ಆಗ್ಲೂ ಇಳೀಲಿಲ್ಲ. ಐದನೇ ದಿನ ಮೂರನೇ ಡಾಕ್ಟ್ರ ಹತ್ರ ಹೋದ್ರು, ಅವ್ರು ಏನ್ ಕೊಟ್ರೋ ಬಿಟ್ರೋ, ಆರನೇ ದಿನ ಬೆಳಿಗ್ಗೆ ಜ್ವರ ಬಿಟ್ಟೋಯ್ತು, ಅದು ಬಿಡೋ ಟೈಮಿಗೆ ಬಿಟ್ಟೋಯ್ತು. ಈಗ ಕೈಗುಣ ಯಾರಿಗೆ ಬಂತು? ಮೂರನೇ ಡಾಕ್ಟ್ರಿಗೆ! ಮೊದಲನೇ ಡಾಕ್ಟ್ರು ಮಾಡಿದ್ದು ನೂರಕ್ಕೆ ನೂರು ಸರಿ, ಆದ್ರೂ ಅವ್ರಿಗೆ ಕೆಟ್ಟ ಹೆಸರು. ನೀವು ನಗ್ತಿದೀರ, ಆದ್ರೆ ಇಲ್ಲಿ ಕೂತಿರೋ ಪ್ರತಿಯೊಬ್ಬರೂ ಯಾವತ್ತೋ ಮೊದಲನೇ ಡಾಕ್ಟ್ರಾಗಿದೀರ, ಯಾವತ್ತೋ ಮೂರನೇ ಡಾಕ್ಟ್ರೂ ಆಗಿದೀರ, ಆಗ ಮಾತ್ರ ಏನೂ ಹೇಳದೆ ಮೀಸೆ ಮೇಲೆ ಕೈ ಆಡಿಸಿಕೊಂಡು ಸುಮ್ನಿದ್ರಿ.

ಮೊದಲನೇ ಡಾಕ್ಟ್ರು ಮಾಡಿದ ತಪ್ಪು ಒಂದೇ, ಅವ್ರು ಮುಂದೇನಾಗತ್ತೆ ಅಂತ ಹೇಳ್ಲಿಲ್ಲ. 'ನೋಡಿ ಯಜಮಾನ್ರೆ, ಇದು ವೈರಲ್ ಥರ ಕಾಣ್ತಿದೆ, ಇನ್ನೂ ಮೂರ್ನಾಲ್ಕು ದಿನ ಜ್ವರ ಹತ್ತಿ ಇಳಿದು ಮಾಡತ್ತೆ, ಮಾತ್ರೆ ತಗೊಂಡಾಗ ಇಳಿಯತ್ತೆ ಮತ್ತೆ ಬರತ್ತೆ, ಗಾಬರಿ ಆಗ್ಬೇಡಿ. ಜ್ವರ ಹೋದ್ಮೇಲೂ ಒಂದು ವಾರ ಸುಸ್ತಿರತ್ತೆ, ಕೆಮ್ಮು ಎರಡು ವಾರ ಎಳೀಬಹುದು. ಆದ್ರೆ ಹೊಟ್ಟೆ ನೋವು ಜಾಸ್ತಿ ಆದ್ರೆ, ವಾಂತಿ ನಿಲ್ದೆ ಇದ್ರೆ, ಮೂಗಲ್ಲೋ ವಸಡಲ್ಲೋ ರಕ್ತ ಬಂದ್ರೆ, ಇಲ್ಲಾ ಮಂಕಾಗಿ ಮಲ್ಗಿಬಿಟ್ರೆ, ರಾತ್ರಿ ಎಷ್ಟೊತ್ತಾದ್ರೂ ಸರಿ ಕರ್ಕೊಂಡ್ ಬನ್ನಿ, ಜ್ವರ ಇಳಿದಿದೆ ಅಂತ ಮನೇಲಿ ಕೂರ್ಬೇಡಿ.' ಇಷ್ಟು ಹೇಳೋಕೆ ಒಂದು ನಿಮಿಷ ಬೇಡ. ಡೆಂಗಿ ಇದ್ರೆ ಜ್ವರ ಇಳಿಯೋ ಹೊತ್ತೇ ಅಪಾಯದ ಹೊತ್ತು ಅಂತ ನಮಗೆ ಗೊತ್ತು, ಅವ್ರಿಗೆ ಗೊತ್ತಿಲ್ಲ. ಹೀಗೆ ಹೇಳಿ ಕಳಿಸಿದ್ರೆ ಮೂರನೇ ದಿನ ಜ್ವರ ಇದ್ದಾಗ ಮನೆಯವ್ರು ಏನಂತಾರೆ? 'ಡಾಕ್ಟ್ರು ಹೇಳಿದ್ರಲ್ಲ, ಹಾಗೇ ಆಗ್ತಿದೆ' ಅಂತಾರೆ. ಅದೇ ಜ್ವರ, ಅದೇ ಮಾತ್ರೆ. ಮುಂಚೆ ಹೇಳಿದ್ರೆ ಅದು ನಿಮ್ಮ ತಿಳುವಳಿಕೆ, ಆಮೇಲೆ ಹೇಳಿದ್ರೆ ಅದು ನೆಪ. ಕೈಗುಣದ ಅರ್ಧ ಭಾಗ ಇದೇ ಅಂತ ನನ್ನ ನಂಬಿಕೆ.

ಇದು ಬರೀ ನನ್ನ ಕಟ್ಟೆಪುರಾಣ ಅಲ್ಲ. ಅಮೆರಿಕದಲ್ಲಿ 1997ರಲ್ಲಿ ಒಂದು ಅಧ್ಯಯನ ಬಂದಿತ್ತು, ಪೇಷಂಟ್‌ಗಳು ಕೋರ್ಟಿಗೆ ಎಳೆದಿರೋ ಡಾಕ್ಟ್ರುಗಳು, ಎಳೀದೇ ಇರೋ ಡಾಕ್ಟ್ರುಗಳು, ಇಬ್ಬರ ಮಾತುಕತೇನೂ ಟೇಪ್ ಮಾಡಿ ಕೇಳಿದ್ರು. ಫ್ಯಾಮಿಲಿ ಡಾಕ್ಟ್ರುಗಳಲ್ಲಿ ಕೇಸ್ ಬೀಳದೇ ಇರೋರು ಒಬ್ಬ ಪೇಷಂಟ್‌ಗೆ ಸರಾಸರಿ 18.3 ನಿಮಿಷ ಕೊಟ್ಟಿದ್ರು, ಕೇಸ್ ಬಿದ್ದೋರು 15 ನಿಮಿಷ. ಮೂರೇ ನಿಮಿಷದ ವ್ಯತ್ಯಾಸ. ಆ ಮೂರು ನಿಮಿಷದಲ್ಲಿ ಏನ್ ಮಾಡ್ತಿದ್ರು ಅಂದ್ರೆ, 'ಮೊದಲು ನೋಡ್ತೀನಿ, ಆಮೇಲೆ ಕೂತು ಮಾತಾಡೋಣ' ಅಂತ ದಾರಿ ಹೇಳ್ತಿದ್ರು, ನಗ್ತಿದ್ರು, ನಿಮಗೇನನ್ಸತ್ತೆ ಅಂತ ಕೇಳ್ತಿದ್ರು. ಜಾಸ್ತಿ ಏನಿಲ್ಲ.

ನಿಮ್ಮ ಮನಸ್ಸಲ್ಲಿ ಏನ್ ಓಡ್ತಿದೆ ಅಂತ ಗೊತ್ತು, ಹದಿನೈದು ನಿಮಿಷ ಅಂತೆ, ಇಲ್ಲಿ ಸಂತೆ ದಿನ ನೂರು ಜನ ಬರ್ತಾರೆ, ಎಲ್ಲಿಂದ ತರ್ಲಿ. ಸರಿ. 2017ರಲ್ಲಿ 67 ದೇಶಗಳ ಲೆಕ್ಕ ಒಟ್ಟು ಹಾಕಿದ ಒಂದು ಅಧ್ಯಯನ ಬಂತು, ಡಾಕ್ಟರ್ ಒಬ್ಬ ಪೇಷಂಟ್‌ಗೆ ಕೊಡೋ ಟೈಮು ಬಾಂಗ್ಲಾದೇಶದಲ್ಲಿ 48 ಸೆಕೆಂಡು, ಸ್ವೀಡನ್‌ನಲ್ಲಿ 22.5 ನಿಮಿಷ. ನಾವು ಬಾಂಗ್ಲಾದೇಶದ ಪಕ್ಕದಲ್ಲೇ ಇದೀವಿ, ಭೂಪಟದಲ್ಲೂ ಲೆಕ್ಕದಲ್ಲೂ. ಹಾಗಾಗಿ ನಾನು ಸ್ವೀಡನ್ ಆಗಿ ಅಂತ ಹೇಳ್ತಿಲ್ಲ. ಇರೋ ಮೂರು ನಿಮಿಷಾನ ಹೇಗೆ ಖರ್ಚು ಮಾಡ್ತೀವಿ ಅಂತ ಕೇಳ್ತಿದೀನಿ.

ಕೂತ್ಕೊಂಡು ಮಾತಾಡಿ. ಇದೊಂದು ಸಣ್ಣ ವಿಷಯ, ಆದ್ರೆ ನರ್ಸಿಂಗ್ ಹೋಮ್ ಇರೋರು ಗಮನಿಸಿ, ರೌಂಡ್ಸಲ್ಲಿ ಬೆಡ್ ಪಕ್ಕ ನಿಂತೇ ಮಾತಾಡಿ ಹೋಗ್ತೀವಲ್ಲ, ಅಮೆರಿಕದ ಕಾನ್ಸಾಸ್‌ನ ಒಂದು ಆಸ್ಪತ್ರೇಲಿ ಇದನ್ನ 2012ರ ಸುಮಾರಿಗೆ ಅಳೆದು ನೋಡಿದ್ರು. ಡಾಕ್ಟ್ರು ನಿಜಕ್ಕೂ ಇದ್ದಿದ್ದು ಒಂದು ನಿಮಿಷ ಚಿಲ್ಲರೆ ಅಷ್ಟೇ. ಕೂತು ಮಾತಾಡಿದಾಗ ಪೇಷಂಟ್‌ಗಳಿಗೆ ಐದು ನಿಮಿಷ ಇದ್ರು ಅನ್ಸಿದೆ, ನಿಂತು ಮಾತಾಡಿದಾಗ ನಾಲ್ಕು ನಿಮಿಷಾನೂ ಅನ್ಸಿಲ್ಲ. ಒಂದು ಸ್ಟೂಲಿನ ಬೆಲೆ ಎಷ್ಟು ಹೇಳಿ.

ಇನ್ನೊಂದು, ಬಾಯಿ ಮುಚ್ಕೊಂಡು ಕೇಳೋದು. 1984ರ ಒಂದು ಹಳೇ ಅಧ್ಯಯನದ ಪ್ರಕಾರ ಪೇಷಂಟ್ ಮಾತು ಶುರು ಮಾಡಿ ಸರಾಸರಿ 18 ಸೆಕೆಂಡಿಗೆ ಡಾಕ್ಟ್ರು ಅಡ್ಡ ಬಾಯಿ ಹಾಕ್ತಾರೆ. ನಾನು ಒಂದಿನ ಗೋಡೆ ಗಡಿಯಾರ ನೋಡ್ಕೊಂಡು ನನ್ನನ್ನೇ ಪರೀಕ್ಷೆ ಮಾಡ್ಕೊಂಡೆ, 18 ಸೆಕೆಂಡು ನಾನು ಕಾದಿದ್ದೇ ಕಮ್ಮಿ. ನಮ್ಮ ಕಡೆ ಜನ ಮುಖ್ಯವಾದ್ದನ್ನ ಮೊದಲು ಹೇಳಲ್ಲ, ಇದು ನಿಮಗೂ ಗೊತ್ತು. ನೊಣವಿನಕೆರೆ ಕಡೆಯವ್ರೊಬ್ರು ತೆಂಗಿನ ತೋಟದಲ್ಲಿ ಕೆಲಸ ಮಾಡಿ ಸೊಂಟ ಹಿಡ್ಕೊಂಡಿದೆ ಅಂತ ಬಂದ್ರು, ನೋಡ್ದೆ, ಬರೆದೆ, ಎದ್ದು ಚಪ್ಪಲಿ ಹಾಕ್ಕೊಳ್ಳೋಕೆ ಬಾಗ್ಲ ತನಕ ಹೋಗಿ ತಿರುಗಿ, 'ಅಂದಂಗೆ ಡಾಕ್ಟ್ರೆ, ಗೊನೆ ಹೊತ್ಕೊಂಡು ಬರುವಾಗ ಎದೆ ಸ್ವಲ್ಪ ಬಿಗಿದಂಗಾಯ್ತದೆ, ಗ್ಯಾಸ್ಟ್ರಿಕ್ಕೇನೋ' ಅಂದ್ರು. ಆ 'ಅಂದಂಗೆ' ಅನ್ನೋ ಪದ ಕೇಳಿದ್ರೆ ಈಗ ನನ್ನ ಕಿವಿ ನೆಟ್ಟಗಾಗತ್ತೆ. ಇಸಿಜಿ ಮಾಡಿ, ಅವತ್ತೇ ತುಮಕೂರಿಗೆ ಕಳಿಸ್ದೆ, ಸ್ಟೆಂಟ್ ಹಾಕಿದ್ರು, ಈಗ ಚೆನ್ನಾಗಿದಾರೆ, ಅವ್ರ ಊರಿಂದ ಬಂದಿರೋ ಪೇಷಂಟ್‌ಗಳನ್ನ ನಾನು ಎಣಿಸೋದು ಬಿಟ್ಟಿದೀನಿ. ಆ ಮಾತನ್ನ ನಾನು ಕೇಳಿಸ್ಕೊಂಡಿದ್ದು ಜಾಣತನದಿಂದ ಅಲ್ಲ, ಅವತ್ತು ಕರೆಂಟ್ ಹೋಗಿತ್ತು, ಮುಂದಿನ ಟೋಕನ್ ಕೂಗೋ ಬೆಲ್ ಹೊಡೀಲಿಲ್ಲ, ಅದಕ್ಕೆ! ಅವತ್ತಿಂದ ಎಲ್ಲರಿಗೂ ನಾನೇ ಕೇಳ್ತೀನಿ, 'ಇನ್ನೇನಾದ್ರೂ ಇದೆಯಾ?' ಅಂತ, ಪೆನ್ನು ಕೆಳಗಿಟ್ಟು ಕೇಳ್ತೀನಿ. ಪೆನ್ನು ಕೈಯಲ್ಲಿದ್ರೆ ಅವ್ರು ಇಲ್ಲ ಅಂತಾರೆ.

ಈಗ ಕಷ್ಟದ ವಿಷಯಕ್ಕೆ ಬರೋಣ, ಸೂಜಿ. 'ಬರೀ ಮಾತ್ರೆ ಕೊಟ್ಟು ಕಳಿಸಿಬಿಟ್ರು, ಒಂದು ಸೂಜಿನೂ ಹಾಕ್ಲಿಲ್ಲ' ಅಂತ ಆಚೆ ಹೋಗಿ ಹೇಳಿದ್ರೆ ಪ್ರಾಕ್ಟೀಸ್ ಮುಗೀತು ಅಂತ ಎಷ್ಟೋ ಜನ ಹೆದರ್ತೀವಿ. ಅದಕ್ಕೇ ಬೇಡದಿದ್ರೂ ನೋವು ಇಳಿಸೋ ಡೈಕ್ಲೋಫೆನಾಕ್ ಒಂದು ಸೂಜಿ, ಅದಕ್ಕಿಂತ ಕೆಟ್ಟದ್ದು ಡೆಕ್ಸಾ ಅನ್ನೋ ಸ್ಟೀರಾಯ್ಡ್, ಒಂದು ಗಂಟೇಲಿ ಮನುಷ್ಯ ಎದ್ದು ಓಡಾಡ್ತಾನೆ, ಕೈಗುಣವೋ ಕೈಗುಣ. ಓದದೇ ಬೋರ್ಡ್ ಹಾಕ್ಕೊಂಡಿರೋರು ಹಳ್ಳೀಲಿ ಇದನ್ನೇ ಮಾಡ್ತಾರೆ, ಅವ್ರ ಜೊತೆ ನಾವು ಆ ಆಟದಲ್ಲಿ ಸ್ಪರ್ಧೆ ಮಾಡೋಕೆ ಹೋದ್ರೆ ಸೋಲ್ತೀವಿ, ಸೋಲ್ಬೇಕು ಕೂಡ. ಹಾಗಂತ 'ಸೂಜಿ ಬೇಡ' ಅಂತ ಗದರಿಸಿ ಕಳಿಸಿದ್ರೂ ಆಗಲ್ಲ. ಅವ್ರಿಗೆ ಬೇಕಿರೋದು ಸೂಜಿ ಅಲ್ಲ, ಡಾಕ್ಟ್ರು ಏನೋ ಒಂದು ಮಾಡಿದ್ರು ಅನ್ನೋ ಸಮಾಧಾನ. ಹಾಗಾದ್ರೆ ಮಾಡಿ! ನಾಡಿ ಹಿಡೀರಿ, ಬಿಪಿ ನೋಡಿ, ಸ್ಟೆತಸ್ಕೋಪ್‌ನ ಬಟ್ಟೆ ಮೇಲಿಂದ ಆಟಕ್ಕಿಟ್ಟಂಗೆ ಇಡಬೇಡಿ, ಸರಿಯಾಗಿಟ್ಟು ಕೇಳಿ, ಹೊಟ್ಟೆ ಮುಟ್ಟಿ ನೋಡಿ. 'ಎದೆ ಕ್ಲಿಯರ್ ಇದೆ, ನ್ಯುಮೋನಿಯಾ ಇಲ್ಲ' ಅಂತ ಜೋರಾಗಿ ಹೇಳಿ. ಮುಟ್ಟಿ ನೋಡದ ಡಾಕ್ಟ್ರ ಬಗ್ಗೆ ನಮ್ಮ ಜನ ಏನಂತಾರೆ ಗೊತ್ತಲ್ಲ, 'ಕೈ ಕೂಡ ಮುಟ್ಟಲಿಲ್ಲ ಕಣಪ್ಪ, ದೂರದಿಂದಲೇ ಬರ್ಕೊಟ್ರು.'

ಗ್ಲೂಕೋಸ್ ಬಾಟ್ಲೂ ಹಾಗೇ. ಸುಸ್ತಾಗಿದೆ ಒಂದು ಡ್ರಿಪ್ ಹಾಕಿ ಅಂತಾರೆ. ನಾನು ಅವ್ರಿಗೆ ಲೆಕ್ಕ ಹೇಳ್ತೀನಿ, ಆ ಅರ್ಧ ಲೀಟರ್ ಬಾಟ್ಲಲ್ಲಿ ಇರೋದು 25 ಗ್ರಾಂ ಸಕ್ಕರೆ, ಐದಾರು ಚಮಚ, ನಿಮ್ಮನೇಲಿ ಬೆಲ್ಲದ ಪಾನಕ ಎರಡು ಲೋಟ ಕುಡಿದ್ರೆ ಅದಕ್ಕಿಂತ ಜಾಸ್ತಿ ಸಿಗತ್ತೆ, ದುಡ್ಡೂ ಉಳಿಯತ್ತೆ ಅಂತ. ಶುಗರ್ ಇರೋರಿಗೆ ಈ ಲೆಕ್ಕ ಹೇಳ್ಬೇಡಿ ಮತ್ತೆ, ಅವ್ರು ಪಾನಕ ಅಂದಿದ್ದನ್ನ ಮಾತ್ರ ಕೇಳಿಸ್ಕೋತಾರೆ. ದುಡ್ಡು ಉಳಿಯತ್ತೆ ಅಂತ ಡಾಕ್ಟ್ರೇ ಹೇಳಿದ್ರೆ ಅದು ಊರೆಲ್ಲಾ ಸುದ್ದಿ ಆಗತ್ತೆ, ಇದನ್ನ ನಾನು ಕಣ್ಣಾರೆ ನೋಡಿದೀನಿ. ಎಲ್ಲರೂ ಒಪ್ತಾರಾ? ಇಲ್ಲ. ಕೆಲವರು ನೇರ ಮುಂದಿನ ಬೀದಿಗೆ ಹೋಗಿ ಹಾಕ್ಸ್ಕೊಂಡು ಹೋಗ್ತಾರೆ. ಹೋಗ್ಲಿ ಬಿಡಿ.

ಪಥ್ಯ ಮರೀಬೇಡಿ. 'ಏನ್ ಊಟ ಮಾಡ್ಬೇಕು ಡಾಕ್ಟ್ರೆ' ಅಂತ ಕೇಳಿದ್ರೆ, 'ಏನ್ ಬೇಕಾದ್ರೂ ತಿನ್ನಿ' ಅಂತೀವಿ, ನಮ್ಮ ಲೆಕ್ಕದಲ್ಲಿ ಅದು ಒಳ್ಳೆ ಸುದ್ದಿ. ಅವ್ರ ಕಿವೀಲಿ ಅದು 'ನನಗೇನು ಬಿದ್ದಿದೆ' ಅಂತ ಕೇಳತ್ತೆ. ನಮ್ಮ ಅಜ್ಜಿ ಕಾಲದಿಂದ ಮದ್ದು ಅಂದ್ರೆ ಅರ್ಧ ಪಥ್ಯ. ಅದಕ್ಕೆ ಮೂರು ಹೆಸರು ಹೇಳಿ, ಗಂಜಿ, ಮಜ್ಜಿಗೆ ಅನ್ನ, ಬೇಳೆ ಕಟ್ಟು, ಇಷ್ಟೇ. ಮನೇಲಿ ಅಡುಗೆ ಮಾಡೋ ಹೆಣ್ಮಗಳಿಗೂ ಏನೋ ಒಂದು ಕೆಲಸ ಸಿಗತ್ತೆ, ನಾಳೆ ಏನ್ ಮಾಡ್ಲಿ ಅನ್ನೋ ಚಿಂತೆ ತಪ್ಪತ್ತೆ. ಶುಗರ್ ಪೇಷಂಟ್ ಆದ್ರೆ 'ಮುದ್ದೆ ತಿಂದ್ರೆ ಶುಗರ್ ಏರಲ್ಲ' ಅಂತ ಎರಡು ಮುದ್ದೆ ಜಾಸ್ತಿ ಹೊಡೀತಿರ್ತಾರೆ, ಮುದ್ದೆ ಸೈಜು ಕೈಯಲ್ಲಿ ತೋರ್ಸಿ ಹೇಳಿ. ಮತ್ತೆ 'ಊಟ ಆದ್ಮೇಲೆ ಮಾತ್ರೆ' ಅಂದ್ರೆ, ಊಟ ಸೇರದೇ ಇದ್ದಾಗ ಮಾತ್ರೇನೂ ಬಿಟ್ಟುಬಿಡ್ತಾರೆ. ಒಬ್ಬ ಅಜ್ಜಿ ಮೂರು ದಿನ ಮಾತ್ರೆ ಮುಟ್ಟದೆ ಬಂದು, 'ನೀವೇ ಅಂದ್ರಲ್ಲಪ್ಪ ಉಂಡ್ಮೇಲೆ ಅಂತ, ನಾನು ಉಂಡೇ ಇಲ್ಲ' ಅಂದ್ರು. ತಪ್ಪು ಅಜ್ಜೀದಲ್ಲ. ಈಗ ನಾನು 'ಅರ್ಥ ಆಯ್ತಾ' ಅಂತ ಕೇಳೋದೇ ಬಿಟ್ಟಿದೀನಿ, ಅದಕ್ಕೆ ಎಲ್ಲರೂ ಹ್ಞೂ ಅಂತಾರೆ. 'ಮನೆಗೆ ಹೋದಾಗ ಸೊಸೆ ಕೇಳ್ತಾರೆ ಡಾಕ್ಟ್ರು ಏನಂದ್ರು ಅಂತ, ಏನ್ ಹೇಳ್ತೀರಿ?' ಅಂತ ಕೇಳ್ತೀನಿ. ಆಗ ಗೊತ್ತಾಗತ್ತೆ ನಾನು ಹೇಳಿದ್ದರಲ್ಲಿ ಎಷ್ಟು ಸೋರಿ ಹೋಗಿದೆ ಅಂತ.

ಕಾಯೋದರ ಬಗ್ಗೆ. ಇಲ್ಲಿ ಕೌಂಟರ್‌ನವ್ರು ಬಂದಿದೀರ, ನಿಮಗೆ ಚಪ್ಪಾಳೆ ಹೊಡೀಬೇಕು, ಯಾಕಂದ್ರೆ ಡಾಕ್ಟ್ರ ಮೇಲಿನ ಸಿಟ್ಟೆಲ್ಲ ನಿಮ್ಮ ಮೇಲೆ ಬೀಳತ್ತೆ. ಜನಕ್ಕೆ ಕಾಯೋದು ಅಭ್ಯಾಸ ಇದೆ, ರೇಷನ್ ಅಂಗಡೀಲಿ ಕಾಯ್ತಾರೆ, ಬ್ಯಾಂಕಲ್ಲಿ ಕಾಯ್ತಾರೆ, ಎಷ್ಟೊತ್ತು ಅಂತ ಗೊತ್ತಿಲ್ಲದೆ ಕಾಯೋದು ಮಾತ್ರ ಆಗಲ್ಲ. ಮತ್ತೆ ತಮ್ಮ ಕಣ್ಣೆದುರು ಇನ್ನೊಬ್ಬರು ನುಗ್ಗೋದು ಆಗಲ್ಲ. ಔಷಧಿ ಕಂಪನಿಯ ಮೆಡಿಕಲ್ ರೆಪ್ ಬ್ಯಾಗ್ ಹಿಡ್ಕೊಂಡು ನಗ್ತಾ ಒಳಗೆ ಹೋದ್ರೆ, ಎರಡು ಗಂಟೆಯಿಂದ ಕೂತಿರೋ ತಾಯಿ ಮಡಿಲಲ್ಲಿ ಜ್ವರದ ಮಗು ಇಟ್ಕೊಂಡು ನೋಡ್ತಿರ್ತಾಳೆ. ನಾನು ರೆಪ್‌ಗಳಿಗೆ ಮಧ್ಯಾಹ್ನ ಕೊನೇ ಪೇಷಂಟ್ ಆದ್ಮೇಲೆ ಅಂತ ಮಾಡ್ದೆ, ಮೊದಲ ವಾರ ಮುಖ ಊದಿಸ್ಕೊಂಡ್ರು, ಆಮೇಲೆ ಅವ್ರಿಗೇ ಅನುಕೂಲ ಆಯ್ತು. ರಾಜಕೀಯದವರ ಕಡೆಯವ್ರು ಬಂದಾಗ ಏನ್ ಮಾಡೋದು ಅಂತ ನನ್ನ ಕೇಳ್ಬೇಡಿ, ನನಗೂ ಗೊತ್ತಿಲ್ಲ.

ನಮ್ಮ ಕೌಂಟರ್ ಅಕ್ಕ ಒಂದು ಪದ್ಧತಿ ತಂದ್ರು, ಅದಕ್ಕೆ ನಾನು ಯಾವ ಕ್ರೆಡಿಟ್ಟೂ ತಗೊಳ್ಳಲ್ಲ. ಟೋಕನ್ ಕೊಡುವಾಗ ಹೆಸರು, ವಯಸ್ಸು ಆದ್ಮೇಲೆ 'ಯಾವ ಬಸ್ಸಿಗೆ ಹೋಗ್ಬೇಕು?' ಅಂತ ಕೇಳ್ತಾರೆ. ಕಿಬ್ಬನಹಳ್ಳಿ ಕಡೆ ಒಳಹಳ್ಳಿಗೆ ಮಧ್ಯಾಹ್ನದ ಬಸ್ ತಪ್ಪಿದ್ರೆ ಸಂಜೇನೇ, ಆಟೋಗೆ ಕೊಡೋ ದುಡ್ಡು ನನ್ನ ಫೀಸಿಗಿಂತ ಜಾಸ್ತಿ. ಬಸ್ ಇರೋರು ಮೊದಲು, ಊರಲ್ಲೇ ಇರೋರು ಆಮೇಲೆ ಅಂತ ಜೋಡಿಸ್ತಾರೆ, ಎಲ್ಲರಿಗೂ ಕೇಳೋ ಹಾಗೆ ಹೇಳಿ ಜೋಡಿಸ್ತಾರೆ, ಅದಕ್ಕೆ ಇವತ್ತಿನವರೆಗೂ ಯಾರೂ ಜಗಳ ಆಡಿಲ್ಲ. ಉಸಿರಾಟ ಕಷ್ಟ, ಎದೆನೋವು, ಸಣ್ಣ ಮಗು ಮಂಕಾಗಿರೋದು, ಇವ್ರು ಎಲ್ಲರಿಗಿಂತ ಮುಂಚೆ, ಅದನ್ನ ನೋಡಿ ಗುರುತು ಹಿಡಿಯೋದು ಕೌಂಟರ್‌ನವರಿಗೆ ಕಲಿಸಿ, ಅದು ಹೃದಯ ನೋಡೋ ನಿಮ್ಮ ಎಕೋ ಮಷೀನ್‌ಗಿಂತ ಮುಖ್ಯ. ಕುಡಿಯೋ ನೀರು, ಬೀಗ ಹಾಕದ ಟಾಯ್ಲೆಟ್ಟು, ಇದನ್ನೆಲ್ಲ ಹೇಳೋಕೇ ನಾಚಿಕೆ ಆಗತ್ತೆ, ಆದ್ರೂ ಹೇಳ್ತಿದೀನಿ. ಶುಗರ್ ಟೆಸ್ಟಿಗೆ ಖಾಲಿ ಹೊಟ್ಟೇಲಿ ಬಂದು ಕೂತಿರೋ ಅಜ್ಜಂಗೆ ಟಾಯ್ಲೆಟ್ ಕೀ ಯಾರತ್ರ ಇದೆ ಅಂತ ಹುಡುಕೋ ಹಾಗಾಗಬಾರದು.

ಮರೆ ಅನ್ನೋದೊಂದಿದೆ. ಒಬ್ಬರನ್ನ ನೋಡುವಾಗಲೇ ಮುಂದಿನ ಇಬ್ಬರನ್ನ ಒಳಗೆ ಸ್ಟೂಲ್ ಮೇಲೆ ಕೂರಿಸ್ಕೊಳ್ಳೋದು ನಮ್ಮ ಕಡೆ ಮಾಮೂಲಿ, ನಾನೂ ವರ್ಷಗಟ್ಲೆ ಮಾಡ್ದೆ, ಸ್ಪೀಡಾಗತ್ತೆ ಅಂತ. ನಿಲ್ಲಿಸಿದ ತಿಂಗಳಲ್ಲೇ ಗೊತ್ತಾಯ್ತು, ಹೆಣ್ಮಕ್ಕಳು ಅಲ್ಲಿಯವರೆಗೆ 'ಸುಸ್ತು, ತಲೆನೋವು' ಅಂತ ಹೇಳ್ತಿದ್ದೋರು ಬಿಳಿ ಸೆರಗು, ಮುಟ್ಟಿನ ತೊಂದರೆ, ಗಂಡ ಹೊಡೆಯೋದು, ಎಲ್ಲ ಹೇಳೋಕೆ ಶುರು ಮಾಡಿದ್ರು. ಅಷ್ಟು ವರ್ಷ ನಾನು ತಲೆನೋವಿಗೆ ಮಾತ್ರೆ ಬರ್ಕೊಡ್ತಾ ಕೂತಿದ್ದೆ. ಇದಕ್ಕಿಂತ ಜಾಸ್ತಿ ನಾನು ಇದರ ಬಗ್ಗೆ ಹೇಳಲ್ಲ.

ನಾನೇ ಪೇಷಂಟ್ ಕಡೆಯವನಾಗಿ ಕೂತಾಗ ಕಲಿತಿದ್ದು ಜಾಸ್ತಿ. ನಮ್ಮ ತಾಯಿಗೆ ಸೊಂಟದ ಮೂಳೆ ಮುರಿದಾಗ ಬೆಂಗಳೂರಲ್ಲಿ ಒಂದು ದೊಡ್ಡ ಆಸ್ಪತ್ರೇಲಿ ಇಟ್ಟಿದ್ವಿ, ಹೆಸರು ಬೇಡ. ಆಪರೇಶನ್ ಚೆನ್ನಾಗೇ ಆಯ್ತು, ಅದರಲ್ಲಿ ಎರಡು ಮಾತಿಲ್ಲ. ಎಂಟು ದಿನದಲ್ಲಿ ಎಷ್ಟೋ ಜನ ಬಂದು ನೋಡಿದ್ರು, ಒಬ್ಬರೂ 'ನಾನು ಇಂಥವರು' ಅಂತ ಹೇಳ್ಲಿಲ್ಲ. ಅಮ್ಮ ಕೊನೇ ತನಕ ಫಿಸಿಯೋದವನನ್ನೇ ದೊಡ್ಡ ಡಾಕ್ಟ್ರು ಅಂದ್ಕೊಂಡಿದ್ರು, ಯಾಕಂದ್ರೆ ಅವನೊಬ್ಬನೇ 'ಅಮ್ಮ, ಹೆಂಗಿದೀರಾ' ಅಂತ ಶುರು ಮಾಡ್ತಿದ್ದ. ಇಂಗ್ಲೆಂಡಲ್ಲಿ ಕೇಟ್ ಗ್ರೇಂಜರ್ ಅಂತ ಒಬ್ಬ ಡಾಕ್ಟರ್ ಇದ್ರು, ಅವ್ರಿಗೇ ಕ್ಯಾನ್ಸರ್ ಬಂದು ಆಸ್ಪತ್ರೇಲಿ ಮಲಗಿದ್ದಾಗ ಇದನ್ನೇ ನೋಡಿದ್ರು, ಬರೋರು ಯಾರೂ ತಮ್ಮ ಹೆಸರು ಹೇಳಲ್ಲ ಅಂತ. 2013ರಲ್ಲಿ 'ಹಲೋ ಮೈ ನೇಮ್ ಈಸ್' ಅಂತ ಒಂದು ಅಭಿಯಾನ ಶುರು ಮಾಡಿದ್ರು, ಅಲ್ಲಿನ ಆಸ್ಪತ್ರೆಗಳೆಲ್ಲ ಎತ್ಕೊಂಡ್ವು, 2016ರಲ್ಲಿ ತೀರ್ಕೊಂಡ್ರು. ನಮ್ಮ ತಾಯಿಗೆ ಅವ್ರ ಬಗ್ಗೆ ಹೇಳಿದಾಗ 'ಪಾಪ, ಚಿಕ್ಕ ವಯಸ್ಸಾ?' ಅಂದ್ರು. ಹ್ಞೂ, ಚಿಕ್ಕ ವಯಸ್ಸು.

ದುಡ್ಡು. ಮಂಡ್ಯದ ಶಂಕರೇಗೌಡ ಡಾಕ್ಟ್ರು ಎಲ್ಲರಿಗೂ ಗೊತ್ತು, ಐದು ರೂಪಾಯಿ ಡಾಕ್ಟ್ರು ಅಂತಲೇ ಹೆಸರು, ಚರ್ಮರೋಗಕ್ಕೆ ಜನ ಸಾಲು ನಿಂತು ತೋರಿಸ್ತಾರೆ. ಅವ್ರ ಹಾಗೆ ಎಲ್ಲರೂ ಇರೋಕಾಗಲ್ಲ, ನಮಗೂ ಬಾಡಿಗೆ ಇದೆ, ಸಂಬಳ ಕೊಡೋದಿದೆ. ಜನ ಅದನ್ನ ಒಪ್ಪಲ್ಲ ಅಂತೇನಿಲ್ಲ. ಅವ್ರಿಗೆ ಸಿಟ್ಟು ಬರೋದು ಎಷ್ಟಾಗತ್ತೆ ಅಂತ ಮುಂಚೆ ಗೊತ್ತಾಗದಿದ್ದಾಗ. ಕೊಬ್ಬರಿ ರೇಟು ಬಿದ್ದ ವಾರ ನಮ್ಮ ಕ್ಲಿನಿಕ್ಕಲ್ಲಿ ಅರ್ಧ ಬೆಂಚು ಖಾಲಿ, ಅಂಥವರು ಜೇಬಲ್ಲಿ ಎಣಿಸಿಟ್ಟ ದುಡ್ಡು ತಂದಿರ್ತಾರೆ, ಅಲ್ಲಿ ಲ್ಯಾಬಿಗೆ ಎಂಟುನೂರು ಅಂದ್ರೆ ಮುಖ ಮುಖ ನೋಡ್ತಾರೆ. ಫೀಸ್ ಪಟ್ಟಿ ಗೋಡೆ ಮೇಲೆ ಕನ್ನಡದಲ್ಲಿ ಹಾಕಿ. 2007ರ ಕೆಪಿಎಂಇ, ಅಂದ್ರೆ ರಾಜ್ಯದ ಖಾಸಗಿ ಆಸ್ಪತ್ರೆ, ಕ್ಲಿನಿಕ್‌ಗಳ ಕಾಯ್ದೇಲೇ ಇದೆ ಅದು, 2017ರಲ್ಲಿ ತಿದ್ದುಪಡಿ ತಂದಾಗ ನಾವೆಲ್ಲ ಬೀದಿಗಿಳಿದು ಕ್ಲಿನಿಕ್ ಮುಚ್ಚಿದ್ವಿ, ಅದರ ಪರ ವಿರೋಧ ಆಚೆ ಇಡೋಣ, ರೇಟು ಗೋಡೆ ಮೇಲೆ ಹಾಕೋದರಲ್ಲಿ ನಮಗೇನೂ ನಷ್ಟ ಇಲ್ಲ. ಟೆಸ್ಟ್ ಬರೆಯೋ ಮುಂಚೆ 'ಇವತ್ತು ಇದೊಂದು ಮಾಡ್ಸಿ ಸಾಕು, ಇದು ಮುಂದಿನ ಸಲ' ಅಂತ ಹೇಳಿ ನೋಡಿ, ಆ ಮನುಷ್ಯ ಕುರ್ಚೀಲಿ ಸಡಿಲ ಆಗೋದು ಕಾಣತ್ತೆ.

ಈಗ ಹೊಸ ಪೇಷಂಟ್‌ಗಳು ಬರೋದು ಹೇಗೆ ಅನ್ನೋದಕ್ಕೆ ಬರ್ತೀನಿ, ನಿಮ್ಮಲ್ಲಿ ಅರ್ಧ ಜನ ಇದಕ್ಕೇ ಬಂದಿದೀರ. ಚಿಕ್ಕವರು ಕೆಲವರು ಕೇಳ್ತಿದ್ರು, ಸರ್, ಫೇಸ್‌ಬುಕ್ ಆಡ್ ಹಾಕ್ಲಾ, ಬಸ್ ಸ್ಟಾಂಡಲ್ಲಿ ಫ್ಲೆಕ್ಸ್ ಹಾಕ್ಲಾ ಅಂತ. ಮೊದಲು ರೂಲ್ಸ್ ನೋಡ್ಕೊಳ್ಳಿ. 2002ರ ಮೆಡಿಕಲ್ ಕೌನ್ಸಿಲ್ ನಿಯಮಗಳೇ ಈಗಲೂ ನಡೀತಿರೋದು, 2023ರ ಆಗಸ್ಟಲ್ಲಿ ಹೊಸದು ತಂದ್ರು, ಅದೇ ತಿಂಗಳಲ್ಲಿ ತಡೆಹಿಡಿದ್ರು. ಆ 2002ರ ಪ್ರಕಾರ ನಾವು ಪೇಷಂಟ್‌ಗಳನ್ನ ಕರೆಯೋ ಹಾಗೆ ಜಾಹೀರಾತು ಕೊಡೋ ಹಾಗಿಲ್ಲ. ಪೇಪರಲ್ಲಿ ತಿಳಿಸಬಹುದಾದ್ದು ಕೆಲವೇ, ಪ್ರಾಕ್ಟೀಸ್ ಶುರು ಮಾಡ್ದೆ, ಪ್ರಾಕ್ಟೀಸಿನ ರೀತಿ ಬದಲಾಯ್ತು, ವಿಳಾಸ ಬದಲಾಯ್ತು, ಇಷ್ಟು ದಿನ ಇರಲ್ಲ, ವಾಪಸ್ ಬಂದೆ, ಇಂಥವರ ಪ್ರಾಕ್ಟೀಸ್ ವಹಿಸ್ಕೊಂಡೆ, ನನ್ನ ಫೀಸು ಇಷ್ಟು. ಬೋರ್ಡ್ ಕೂಡ ಭಾರಿ ದೊಡ್ಡದು ಇರಬಾರದು, ಮೆಡಿಕಲ್ ಶಾಪ್ ಮೇಲೆ ನಮ್ಮ ಬೋರ್ಡ್ ನೇತು ಹಾಕಬಾರದು. ಈಗ ಎಲ್ಲರೂ ಒಂದು ಸಲ ನಿಮ್ಮ ಬೋರ್ಡ್ ನೆನಪಿಸ್ಕೊಳ್ಳಿ... ಸರಿ ಸರಿ, ನಾನೇನೂ ಹೇಳಲ್ಲ.

ಮಾಡಬಹುದಾದ್ದು ಏನು ಅಂದ್ರೆ, ಹುಡುಕೋರಿಗೆ ಸಿಗೋ ಹಾಗಿರೋದು. ಗೂಗಲ್ ಮ್ಯಾಪಲ್ಲಿ ನನ್ನ ಕ್ಲಿನಿಕ್ ಎಷ್ಟೋ ದಿನ ರೈಲ್ವೆ ಗೇಟಿನ ಆಚೆ ತೋರಿಸ್ತಿತ್ತು, ಯಾರೋ ಬೆಂಗಳೂರಿಂದ ಹಬ್ಬಕ್ಕೆ ಬಂದ ಹುಡುಗ ಅಪ್ಪನ್ನ ಕರ್ಕೊಂಡು ಅಲ್ಲೆಲ್ಲ ಸುತ್ತಿ ಬಂದು ಬೈದ ಮೇಲೆ ಗೊತ್ತಾಯ್ತು. ಜಾಗ, ಟೈಮು, ಎತ್ತೋ ಫೋನ್ ನಂಬರ್, ಯಾವತ್ತು ರಜೆ, ಇಷ್ಟು ಸರಿ ಇಟ್ಕೊಳ್ಳಿ. ರಜೆ ಹಾಕಿದ ದಿನ ಬಾಗಿಲಿಗೆ ಒಂದು ಚೀಟಿ, ವಾಟ್ಸಾಪಲ್ಲಿ ಒಂದು ಸ್ಟೇಟಸ್. ಇಪ್ಪತ್ತು ಕಿಲೋಮೀಟರ್ ಬಂದು ಬೀಗ ನೋಡ್ಕೊಂಡು ಹೋದವರು ಮತ್ತೆ ಬರಲ್ಲ, ಮತ್ತೆ ಬರೋರನ್ನೂ ಬಿಡಲ್ಲ. ರಿವ್ಯೂನಲ್ಲಿ ಯಾರಾದ್ರೂ ಬೈದ್ರೆ ಅಲ್ಲೇ ವಾದ ಮಾಡ್ಬೇಡಿ, ಅದರಲ್ಲೂ ಅವ್ರ ಕಾಯಿಲೆ ವಿಷಯ ಬರೀಲೇಬೇಡಿ, ಅದು ಗುಟ್ಟು ಬಿಟ್ಟುಕೊಟ್ಟಂಗೆ. 'ಬಂದು ಮಾತಾಡಿ, ಈ ನಂಬರಿಗೆ ಫೋನ್ ಮಾಡಿ' ಅಷ್ಟೇ. 1995ರಿಂದಲೇ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ದುಡ್ಡು ಕೊಟ್ಟು ತೋರಿಸ್ಕೊಳ್ಳೋರು ಗ್ರಾಹಕರು, ಅವ್ರಿಗೆ ಬೈಯ್ಯೋ ಹಕ್ಕಿದೆ. ದುಡ್ಡು ಕೊಟ್ಟು ಒಳ್ಳೆ ರಿವ್ಯೂ ಹಾಕ್ಸೋರು ಫೋನ್ ಮಾಡ್ತಿರ್ತಾರಲ್ಲ, ಅವ್ರಿಗೆ ನಾನು ಕೊಡೋ ಉತ್ತರ ಇಲ್ಲಿ ಹೇಳೋ ಹಾಗಿಲ್ಲ, ಹೆಂಗಸರಿದಾರೆ.

ಕಮಿಷನ್ ಬಗ್ಗೇನೂ ಒಂದು ಮಾತು, ಪೇಷಂಟ್ ಕಳಿಸಿದ್ದಕ್ಕೆ ದುಡ್ಡು ಕೊಡೋದು ತಗೊಳ್ಳೋದು ಅದೇ ನಿಯಮದಲ್ಲಿ ತಪ್ಪು ಅಂತಿದೆ. ಅದು ಬಿಡಿ, ಜನಕ್ಕೆ ಗೊತ್ತಾಗಲ್ಲ ಅಂದ್ಕೊಂಡಿದೀರಾ? 'ಅಲ್ಲೇ ಮಾಡ್ಸ್ಬೇಕಂತೆ, ಬೇರೆ ಲ್ಯಾಬಿಂದು ನೋಡಲ್ವಂತೆ' ಅಂತ ಬಸ್ಸಲ್ಲಿ ಮಾತಾಡ್ಕೋತಾರೆ. ಬಸ್ಸಲ್ಲಿ ಒಂದ್ಸಲ ಹಿಂದಿನ ಸೀಟಲ್ಲಿ ಕೂತು ಕೇಳಿಸ್ಕೊಂಡು ಬನ್ನಿ, ಯಾವ ಫೀಡ್‌ಬ್ಯಾಕ್ ಫಾರ್ಮೂ ಬೇಡ.

ಕೊನೇದಾಗಿ ನಾನು ಮಾಡೋ ಒಂದು ಕೆಲಸ ಹೇಳ್ತೀನಿ. ದಿನಕ್ಕೆ ಮೂರೇ ಮೂರು ಫೋನು. ಹಿಂದಿನ ದಿನ ನೋಡಿದವರಲ್ಲಿ ನನಗೆ ಸ್ವಲ್ಪ ಅನುಮಾನ ಉಳಿದ ಮೂರು ಜನರ ಹೆಸರು ಚೀಟೀಲಿ ಬರ್ಕೊಂಡಿರ್ತೀನಿ, ಬೆಳಿಗ್ಗೆ ಕಾಫಿ ಕುಡೀತಾ ಮಾಡ್ತೀನಿ. 'ಜ್ವರ ಹೆಂಗಿದೆ, ಮೂತ್ರ ಸರಿ ಹೋಗ್ತಿದೆಯಾ, ಮಗು ಹಾಲು ಕುಡೀತಾ' ಅಷ್ಟೇ, ಒಂದೊಂದು ನಿಮಿಷ. ಇದನ್ನ ನಾನು ಶುರು ಮಾಡಿದ್ದು ಹೆದರಿಕೆಯಿಂದ, ಒಬ್ಬನ ಅಪೆಂಡಿಕ್ಸ್ ನೋವನ್ನ ನಾನು ಹೊಟ್ಟೆ ಹುಳ ಅಂತ ಕಳಿಸಿಬಿಟ್ಟಿದ್ದೆ, ಮಾರನೇ ದಿನ ನಿದ್ದೆ ಬರದೆ ಫೋನ್ ಮಾಡ್ದೆ, ನೋವು ಬಲಗಡೆಗೆ ಸರಿದಿದೆ ಅಂದ್ರು, ತಕ್ಷಣ ಕರೆಸಿದ್ವಿ, ಉಳಿದ. ನಾನು ತಪ್ಪು ಮಾಡಿದ್ದೆ ಅಂತ ಅವ್ರಿಗೆ ಹೇಳ್ದೆ ಕೂಡ. ಅವ್ರು ಊರಲ್ಲಿ ಏನ್ ಹೇಳ್ಕೊಂಡು ಬಂದ್ರು ಗೊತ್ತಾ? 'ಡಾಕ್ಟ್ರೇ ಮನೆಗೆ ಫೋನ್ ಮಾಡಿ ಕರೆಸ್ಕೊಂಡ್ರು.' ತಪ್ಪು ಮಾಡಿದ್ದನ್ನ ಬಿಟ್ಟೇಬಿಟ್ಟಿದಾರೆ!

(ಆಮೇಲೆ ಪ್ರಶ್ನೆಗಳಿದ್ವು. ಎಲ್ಲ ಹಾಕಲ್ಲ, ಒಂದು ಹಾಕ್ತೀನಿ.)

ಹಿಂದಿನ ಸಾಲಲ್ಲಿ ಕೂತಿದ್ದ, ಯಾವುದೋ ಕ್ಲಿನಿಕ್ಕಿನ ಕೌಂಟರ್ ಹುಡುಗಿ ಎದ್ದು ನಿಂತು ಕೇಳಿದ್ರು: 'ಸಾರ್, ನೀವೆಲ್ಲ ಹೇಳಿದ್ದು ಸರಿ. ಹತ್ತು ಗಂಟೆ ಅಂತ ಬೋರ್ಡ್ ಇರತ್ತೆ, ಡಾಕ್ಟ್ರು ಹನ್ನೊಂದೂವರೆಗೆ ಬರ್ತಾರೆ, ಅಲ್ಲಿ ತನಕ ಇನ್ನೇನ್ ಬಂದ್ರು, ಗೇಟ್ ಹತ್ರ ಇದಾರೆ, ಪೂಜೆ ಮಾಡ್ತಿದಾರೆ ಅಂತ ನಾವು ಸುಳ್ಳು ಹೇಳ್ಬೇಕು. ಬೈಸ್ಕೊಳ್ಳೋದು ನಾವು. ಅದಕ್ಕೇನ್ ಮಾಡೋದು?'

ಹಾಲಲ್ಲಿ ನಗು ಬಂತು, ಆಮೇಲೆ ನಿಂತೋಯ್ತು, ಯಾಕಂದ್ರೆ ಅವ್ರ ಡಾಕ್ಟ್ರು ಮೂರನೇ ಸಾಲಲ್ಲಿ ಕೂತಿದ್ರು. ನಾನು ಹೇಳಿದ್ದಿಷ್ಟು. ನೋಡಿ ಅಮ್ಮ, ನಮ್ಮ ಕೌಂಟರ್ ಅಕ್ಕನೂ ಎಷ್ಟೋ ವರ್ಷ ನನ್ನ ಪರವಾಗಿ ಅದೇ ಪೂಜೆ ಮಾಡ್ಸಿದಾರೆ, ನಾನು ಮನೇಲಿ ಪೇಪರ್ ಓದ್ತಿದ್ದೆ. ಈಗ ನಾವು ಬೋರ್ಡನ್ನೇ ಹತ್ತೂಮುಕ್ಕಾಲು ಅಂತ ಬದಲಾಯಿಸಿದೀವಿ, ನಾನು ಹತ್ತೂವರೆಗೆ ಬರ್ತೀನಿ. ತಡ ಆಗತ್ತೆ ಅಂದ್ರೆ ನಾನೇ ಕೌಂಟರ್‌ಗೆ ಫೋನ್ ಮಾಡ್ತೀನಿ, ಅಕ್ಕ ಸ್ಪೀಕರ್ ಆನ್ ಮಾಡ್ತಾರೆ, ನಾನೇ ಎಲ್ಲರಿಗೂ ಹೇಳ್ತೀನಿ, ಇಷ್ಟೊತ್ತಾಗತ್ತೆ, ಬಸ್ ಇರೋರು ಹೇಳಿ, ಕಾಫಿ ಕುಡಿದು ಬನ್ನಿ ಅಂತ. ಮೊದಲ ಸಲ ಹೀಗೆ ಮಾಡಿದಾಗ ಒಬ್ಬ ಅಜ್ಜ ಫೋನ್ ಹತ್ರ ಬಗ್ಗಿ, 'ನಿಧಾನಕ್ಕೆ ಬಾರಪ್ಪ, ಗಾಡಿ ಜೋರಾಗಿ ಓಡಿಸ್ಬೇಡ' ಅಂದಿದ್ರು.

ಮೂರನೇ ಸಾಲಿನ ಡಾಕ್ಟ್ರು ಟೀ ಟೈಮಲ್ಲಿ ಬಂದು ಕೈ ಕುಲುಕಿ, 'ಆ ಸ್ಪೀಕರ್‌ದು ಚೆನ್ನಾಗಿದೆ ರೀ' ಅಂದ್ರು.